ತಂತಿ ನೆಲದಲ್ಲಿ, ಬೇಲಿ ನಾಯಿಯ ತಲೆಯಲ್ಲಿ

ಅಂಕೋಲಾ ಪೇಟೆ ಬಿಟ್ಟು ಸ್ವಲ್ಪ ಒಳಗೆ ಹೋದರೆ ಸಾಕು, ಪಾಗಾರವೇ ಇಲ್ಲದ ಮನೆಗಳು ಸಿಗುತ್ತವೆ. ಮುಂದೆ ಅಂಗಳ, ಪಕ್ಕದಲ್ಲಿ ತೆಂಗು, ಹಿಂದೆ ಬೇಣ, ಎದುರಿಗೆ ಗದ್ದೆ. ನಮ್ಮ ಜಾಗ ಎಲ್ಲಿ ಮುಗಿಯಿತು, ಪಕ್ಕದವರದ್ದು ಎಲ್ಲಿ ಶುರುವಾಯಿತು ಅನ್ನೋದು ಮನುಷ್ಯರಿಗೆ ಗೊತ್ತು, ನಾಯಿಗೆ ಗೊತ್ತಿಲ್ಲ. ಅತ್ತ ಕಾರವಾರದಿಂದ ಬರುವ ರಾಷ್ಟ್ರೀಯ ಹೆದ್ದಾರಿ 66, ಇತ್ತ ಹುಬ್ಬಳ್ಳಿಯಿಂದ ಇಳಿದು ಬರುವ ಹೆದ್ದಾರಿ 52, ಜೊತೆಗೆ ಕೊಂಕಣ ರೈಲು. ಹಾಗಾಗಿ ಊರಲ್ಲಿ ನಾಯಿ ಸಾಕಿದವರ ಮುಂದೆ ಎರಡೇ ದಾರಿ. ಬಿಟ್ಟರೆ ರಸ್ತೆ, ಕಟ್ಟಿದರೆ ಸರಪಳಿ.

ಈಗ ಮೂರನೆಯ ದಾರಿಯೊಂದು ಮೊಬೈಲಿನಲ್ಲಿ ಕಾಣುತ್ತಿದೆ: ನಾಯಿಗೆ ಎಲೆಕ್ಟ್ರಾನಿಕ್ ಬೇಲಿ. ಬೆಂಗಳೂರಲ್ಲಿ ಕೂತು ಆರ್ಡರ್ ಮಾಡೋದು ನಾವು, ಡೆಲಿವರಿ ಅಡ್ರೆಸ್ ಊರಿನದು, ಬಳಸಬೇಕಾದವರು ಅಪ್ಪ ಅಮ್ಮ. ಈ ವಾರದ ಅಂಕಣ ಆ ಆರ್ಡರ್ ಬಟನ್ ಒತ್ತುವ ಮೊದಲು ಓದಲಿಕ್ಕೆ.

ಇದು ಕರೆಂಟ್ ಬೇಲಿ ಅಲ್ಲ

ಮೊದಲು ಇದನ್ನು ಮನೆಯವರಿಗೆ ಬಿಡಿಸಿ ಹೇಳಿ. ನಮ್ಮ ಕಡೆ ಬೇಲಿಗೆ ಕರೆಂಟ್ ಅಂದರೆ ನೆನಪಾಗೋದು ಹಂದಿ ಕಾಟಕ್ಕೆ ಹಾಕುವ ಸೋಲಾರ್ ಬೇಲಿ, ಕೆಲವರ ಬಾಯಲ್ಲಿ ಐಬೆಕ್ಸ್. ಅದರಲ್ಲಿ ತಂತಿ ಮುಟ್ಟಿದವರಿಗೆ ಶಾಕ್. ಮನೆಯ ಲೈನಿನಿಂದ ನೇರ ತಂತಿಗೆ ಕರೆಂಟ್ ಕೊಡೋದಂತೂ ಅಪರಾಧ, ಜೀವವನ್ನೇ ತೆಗೆಯುತ್ತದೆ.

ನಾಯಿಯ ಎಲೆಕ್ಟ್ರಾನಿಕ್ ಬೇಲಿ ಬೇರೆಯೇ. ಅಮೆರಿಕದಲ್ಲಿ 1970ರ ದಶಕದಲ್ಲಿ ಬಂದ ಕಲ್ಪನೆ ಇದು. ಮನೆಯೊಳಗೆ ಒಂದು ಪುಟ್ಟ ಪೆಟ್ಟಿಗೆ, ಅಂದರೆ ಟ್ರಾನ್ಸ್‌ಮಿಟರ್. ಅದರಿಂದ ಹೊರಟ ಪ್ಲಾಸ್ಟಿಕ್ ಹೊದಿಕೆಯ ತಂತಿ ಜಾಗವನ್ನೆಲ್ಲ ಒಂದು ಸುತ್ತು ಹಾಕಿ ಮತ್ತೆ ಪೆಟ್ಟಿಗೆಗೇ ಬರುತ್ತದೆ. ತಂತಿಯಲ್ಲಿ ಹರಿಯೋದು ಸಣ್ಣ ರೇಡಿಯೋ ಸಿಗ್ನಲ್ ಮಾತ್ರ. ಮಕ್ಕಳು ತುಳಿದರೂ ಏನೂ ಆಗೋದಿಲ್ಲ. ನಾಯಿಯ ಕೊರಳ ಪಟ್ಟಿಯಲ್ಲಿರುವ ರಿಸೀವರ್ ಆ ಸಿಗ್ನಲ್ ಹಿಡಿಯುತ್ತದೆ. ತಂತಿಯ ಹತ್ತಿರ ಬಂದಾಗ ಮೊದಲು ಬೀಪ್ ಸದ್ದು. ಇನ್ನೂ ಮುಂದೆ ಹೋದರೆ ಪಟ್ಟಿಯ ಎರಡು ಲೋಹದ ಕಡ್ಡಿಗಳಿಂದ ಕೊರಳಿಗೆ ಚುರುಕ್ ಅನ್ನಿಸುವ ಒಂದು ಏಟು.

ಜಾಹೀರಾತುಗಳು ಇದನ್ನು 'ಕಚಗುಳಿ' ಎನ್ನುವ ಮಟ್ಟಕ್ಕೆ ಇಳಿಸುತ್ತವೆ. ಕಚಗುಳಿಗೆ ಯಾವ ನಾಯಿಯೂ ನಿಲ್ಲೋದಿಲ್ಲ. ಅದಕ್ಕೆ ಬೇಡ ಅನ್ನಿಸುತ್ತದೆ, ಅದಕ್ಕೇ ನಿಲ್ಲುತ್ತದೆ. ಈ ಕಾರಣಕ್ಕೇ ಬ್ರಿಟನ್ನಿನ ವೇಲ್ಸ್ 2010ರಲ್ಲಿ ನಾಯಿ, ಬೆಕ್ಕುಗಳಿಗೆ ಇಂಥ ಪಟ್ಟಿ ಹಾಕೋದನ್ನೇ ನಿಷೇಧಿಸಿತು, ಬೇಲಿಯ ಪಟ್ಟಿಯೂ ಸೇರಿ. ಆದರೆ ದಿನವಿಡೀ ಸರಪಳಿಯೂ ಸಣ್ಣ ಹಿಂಸೆಯಲ್ಲ. ನಮ್ಮ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ, ಸದಾ ಕಟ್ಟಿಹಾಕಿದ ನಾಯಿಗೆ ಓಡಾಟ ಕೊಡದಿರೋದೂ ಹಿಂಸೆಯೇ ಎಂದಿದೆ. ಎರಡನ್ನೂ ಗೊತ್ತಿಟ್ಟುಕೊಂಡೇ ಮುಂದಿನ ಲೆಕ್ಕ.

ತಂತಿ ಎಳೆಯುವಾಗ

ಅಂಕೋಲಾದಲ್ಲಿ ನಮ್ಮ ಸೋದರಮಾವನ ಮನೆಗೆ ಸುಮಾರು 200 ಮೀಟರ್ ತಂತಿ ಬೇಕಾಯಿತು. ಅಲ್ಲಿಯ ನೆಲ ಚಿರೆಕಲ್ಲಿನದು. ಗುದ್ದಲಿ ಹಾಕಿದರೆ ಕಿಡಿ ಹಾರುತ್ತದೆ. ಸಮಾಧಾನದ ಸಂಗತಿ ಅಂದರೆ ತಂತಿಯನ್ನು ಆಳಕ್ಕೆ ಹೂಳಬೇಕಾಗಿಲ್ಲ. ಒಂದರಿಂದ ಮೂರು ಇಂಚು ಸಾಕು. ಕಲ್ಲಿರುವ ಕಡೆ ಗಿಡದ ಬೇಲಿಗೋ ಗಿಡ್ಡ ಪಾಗಾರಕ್ಕೋ ಕಟ್ಟಿದರೂ ನಡೆಯುತ್ತದೆ. ವಾಹನ ಓಡಾಡುವ ಕಡೆ ಪಿವಿಸಿ ಪೈಪಿನೊಳಗೆ ಹಾಯಿಸಿ.

ಕೆಲವು ನಿಯಮಗಳನ್ನು ಮಾತ್ರ ಬಿಡಲಿಕ್ಕಾಗದು.

ಸುತ್ತು ಪೂರ್ತಿಯಾಗಬೇಕು. ಒಂದು ಕಡೆ ಎತ್ತರದ ಪಾಗಾರ ಇದೆ, ಮೂರು ಕಡೆಗೆ ಮಾತ್ರ ತಂತಿ ಸಾಕು ಅಂದರೂ ತಂತಿ ತಿರುಗಿ ಪೆಟ್ಟಿಗೆಗೆ ಬರಲೇಬೇಕು. ಹೋಗುವ ತಂತಿಯೂ ಬರುವ ತಂತಿಯೂ ಒಂದಕ್ಕೊಂದು ತೀರ ಹತ್ತಿರ ಇದ್ದರೆ ಎರಡರ ಸಿಗ್ನಲ್ ಪರಸ್ಪರ ಅಳಿಸಿಹೋಗುತ್ತದೆ. ಕನಿಷ್ಠ ಐದು ಅಡಿ ಅಂತರ ಇರಲಿ.

ಇದೇ ಗುಣವನ್ನು ಉಪಯೋಗಕ್ಕೂ ತರಬಹುದು. ಪೆಟ್ಟಿಗೆಯಿಂದ ಗಡಿಯವರೆಗೆ ಎರಡು ತಂತಿಗಳನ್ನು ಹಗ್ಗ ಹೊಸೆದಂತೆ ಬಿಗಿಯಾಗಿ, ಅಡಿಗೆ ಹತ್ತು ಹನ್ನೆರಡು ಸುತ್ತು ಹೊಸೆದರೆ ಅಲ್ಲಿ ಸಿಗ್ನಲ್ ಇರೋದಿಲ್ಲ. ನಾಯಿ ಆ ಜಾಗವನ್ನು ಆರಾಮಾಗಿ ದಾಟುತ್ತದೆ. ಹೊಸೆಯದಿದ್ದರೆ ಅಂಗಳದ ನಡುವೆಯೇ ಅದಕ್ಕೆ ಏಟು ಬೀಳುತ್ತದೆ.

ಮೂಲೆಗಳನ್ನು ಚೂಪಾಗಿ ಮಡಿಸದೆ ದುಂಡಗೆ ತಿರುಗಿಸಿ. ವಿದ್ಯುತ್ ತಂತಿ, ಪಂಪ್‌ಸೆಟ್ ಕೇಬಲ್, ಟಿವಿ ಕೇಬಲ್ ಜೊತೆ ಸಮಾನಾಂತರವಾಗಿ ಎಳೆಯಬೇಡಿ. ದಾಟಲೇಬೇಕಾದರೆ ಅಡ್ಡಡ್ಡ, 90 ಡಿಗ್ರಿಯಲ್ಲಿ ದಾಟಿಸಿ.

ಗಡಿಯನ್ನು ರಸ್ತೆಯ ಅಂಚಿಗೇ ಒಯ್ಯಬೇಡಿ. ಓಡಿ ಬಂದ ನಾಯಿಗೆ ಬೀಪ್ ಕೇಳಿ, ನಿಂತು, ತಿರುಗಲಿಕ್ಕೆ ಜಾಗ ಬೇಕು. ರಸ್ತೆಯಿಂದ ನಾಲ್ಕೈದು ಮೀಟರ್ ಒಳಗೇ ಇರಲಿ.

ಜೋಡಣೆಗಳಿಗೆ ಬರೀ ಕಪ್ಪು ಟೇಪ್ ಸುತ್ತಿದರೆ ಸಾಲದು. ಕಾರವಾರದ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ, ಮೇಲೆ ಉಪ್ಪುಗಾಳಿ. ತಾಮ್ರ ಹಸಿರಾಗಲಿಕ್ಕೆ ಒಂದು ಮಳೆಗಾಲ ಸಾಕು. ಒಳಗೆ ಜೆಲ್ ತುಂಬಿದ, ನೀರು ಹೋಗದ ಕನೆಕ್ಟರ್ ಬಳಸಿ. ಜೋಡಣೆ ಎಲ್ಲೆಲ್ಲಿದೆ ಅನ್ನೋದರ ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿಡಿ. ಆಮೇಲೆ ಹುಡುಕೋದು ಅಲ್ಲೇ.

ಕಲಿಸದಿದ್ದರೆ ಬೇಲಿಯೇ ಇಲ್ಲ

ತಂತಿ ಎಳೆಯಲಿಕ್ಕೆ ಒಂದೂವರೆ ದಿನ ಹಿಡಿಯಿತು. ಮಾವ ಕೈಕಟ್ಟಿ ನಿಂತು ಎಲ್ಲ ನೋಡಿದರು. ಕೊನೆಗೆ ಕೇಳಿದರು, "ತಮಾ, ಎಲ್ಲ ಸರಿ. ಬೇಲಿ ಎಲ್ಲಿದೆ?"

ಅದೇ ಸರಿಯಾದ ಪ್ರಶ್ನೆ. ಬೇಲಿ ನೆಲದಲ್ಲಿಲ್ಲ. "ಬೀಪ್ ಕೇಳಿದರೆ ಹಿಂದೆ ತಿರುಗಬೇಕು" ಅಂತ ನಾಯಿಯ ತಲೆಯಲ್ಲಿ ಕೂತರೆ ಮಾತ್ರ ಅದು ಬೇಲಿ. ಅಲ್ಲಿಯವರೆಗೆ 200 ಮೀಟರ್ ತಂತಿ, ಅಷ್ಟೇ.

ಪಾಠಕ್ಕೆ ಕನಿಷ್ಠ ಎರಡು ವಾರ ಬೇಕು. ದಿನಕ್ಕೆ ಎರಡು ಮೂರು ಸಲ, ಪ್ರತಿ ಸಲ ಹತ್ತು ಹದಿನೈದು ನಿಮಿಷ. ಗಡಿಯ ಉದ್ದಕ್ಕೂ ಬಿಳಿ ಬಾವುಟಗಳನ್ನು ನೆಟ್ಟರೆ ನಾಯಿಗೆ ಕಣ್ಣಿಗೂ ಗುರುತು ಸಿಗುತ್ತದೆ. ಮೊದಲ ದಿನಗಳಲ್ಲಿ ಬೀಪ್ ಮಾತ್ರ, ಏಟು ಬೇಡ. ಹಗ್ಗ ಹಿಡಿದು ಬಾವುಟದ ಹತ್ತಿರ ಒಯ್ಯಿರಿ. ಬೀಪ್ ಆದ ಕೂಡಲೇ ಒಳಗೆ ಕರೆಯಿರಿ, ತಿರುಗಿ ಬಂದರೆ ತಿನ್ನಲಿಕ್ಕೆ ಏನಾದರೂ ಕೊಡಿ. ಒಣ ಮೀನಿನ ಚೂರಿಗಿಂತ ಒಳ್ಳೆಯ ಬಹುಮಾನ ನಮ್ಮ ಕಡೆಯ ನಾಯಿಗಳಿಗೆ ಇಲ್ಲ. ಹಗ್ಗವನ್ನು ಬೇರೆ ಪಟ್ಟಿಗೆ ಕಟ್ಟಿ, ರಿಸೀವರ್ ಇರುವ ಪಟ್ಟಿಗೆ ಕಟ್ಟಿ ಎಳೆದರೆ ಕಡ್ಡಿಗಳು ಕೊರಳಿಗೆ ಒತ್ತುತ್ತವೆ. ಬೀಪಿನ ಅರ್ಥ ತಿಳಿದ ಮೇಲೆ ಅತಿ ಕಡಿಮೆ ಮಟ್ಟದ ಏಟಿನಿಂದ ಶುರು ಮಾಡಿ. ಆಮೇಲೆ ಆಚೆ ಬದಿಗೆ ಚೆಂಡು ಎಸೆದು, ಪರಿಚಯದವರನ್ನು ನಿಲ್ಲಿಸಿ ಪರೀಕ್ಷಿಸಿ. ಹಗ್ಗ ಬಿಡೋದು ಎಲ್ಲಕ್ಕಿಂತ ಕೊನೆಗೆ, ಅದೂ ಕಣ್ಣೆದುರಿಗೆ.

ಆರು ತಿಂಗಳಿಗಿಂತ ಸಣ್ಣ ಮರಿಗೆ ಬೇಡ. ಸದಾ ಹೆದರುವ ನಾಯಿಗೂ ಕಚ್ಚುವ ಸ್ವಭಾವದ ನಾಯಿಗೂ ಬೇಡ. ಏಟು ಯಾಕೆ ಬಿತ್ತು ಅಂತ ತಿಳಿಯದ ನಾಯಿ ಎದುರಿಗಿದ್ದ ಮನುಷ್ಯನನ್ನೇ ಕಾರಣ ಅಂದುಕೊಳ್ಳಬಹುದು. ದಾರಿಯಲ್ಲಿ ಹೋಗುವ ಮೀನು ಮಾರುವವರಿಗೋ ಪೋಸ್ಟ್‌ಮನ್ನಿಗೋ ಅದರ ಸಿಟ್ಟು ತಾಗೋದು ಬೇಡ.

ಕೆಲಸ ನಿಂತರೆ ಎಲ್ಲಿಂದ ನೋಡಬೇಕು

ಆಫೀಸಿನಲ್ಲಿ ಬಗ್ ಹುಡುಕುವ ಕ್ರಮವೇ ಇಲ್ಲಿಯೂ. ಒಂದೊಂದೇ ಭಾಗ ಬೇರ್ಪಡಿಸಿ ನೋಡಿ. ಮನೆಯವರಿಗೆ ಫೋನಲ್ಲೇ ಹೇಳಿ ಮಾಡಿಸಬಹುದು.

ಪೆಟ್ಟಿಗೆ ಒಂದೇ ಸಮನೆ ಕೂಗುತ್ತಿದೆಯಾ? ಹಾಗಿದ್ದರೆ ಸುತ್ತು ಎಲ್ಲೋ ತುಂಡಾಗಿದೆ. ಹೊರಗಿನ ತಂತಿಗಳನ್ನು ಬಿಚ್ಚಿ, ಹತ್ತು ಅಡಿಯ ಒಂದು ಚೂರು ತಂತಿಯ ಎರಡು ತುದಿಗಳನ್ನು ಪೆಟ್ಟಿಗೆಗೆ ಸಿಕ್ಕಿಸಿ. ಕೂಗು ನಿಂತರೆ ಪೆಟ್ಟಿಗೆ ಸರಿಯಿದೆ, ತಪ್ಪು ಅಂಗಳದಲ್ಲಿದೆ. ನಿಲ್ಲದಿದ್ದರೆ ಪೆಟ್ಟಿಗೆಯೇ ಹೋಗಿದೆ.

ತಂತಿ ತುಂಡಾಗಿದ್ದರೆ ಮೊದಲು ಜೋಡಣೆಗಳನ್ನು ನೋಡಿ. ಆಮೇಲೆ ಗುದ್ದಲಿ ಬಿದ್ದ ಜಾಗ, ಹೆಗ್ಗಣದ ಬಿಲ, ತೆಂಗಿನ ಗೊನೆ ಬಿದ್ದ ಕಡೆ. ಅಲ್ಲೂ ಸಿಗದಿದ್ದರೆ ಮಲ್ಟಿಮೀಟರ್ ಮತ್ತು ಉದ್ದನೆಯ ಇನ್ನೊಂದು ತಂತಿ ತೆಗೆದುಕೊಳ್ಳಿ. ಸುತ್ತನ್ನು ಮಧ್ಯದ ಜೋಡಣೆಯಲ್ಲಿ ಬಿಚ್ಚಿ, ಯಾವ ಅರ್ಧ ತುಂಡಾಗಿದೆ ನೋಡಿ. ಆ ಅರ್ಧವನ್ನು ಮತ್ತೆ ಅರ್ಧ ಮಾಡಿ. 200 ಮೀಟರ್ ತಂತಿಯಲ್ಲಿ ಐದೇ ಸಲಕ್ಕೆ ಸುಮಾರು ಆರು ಮೀಟರಿನ ಒಂದು ತುಂಡಿಗೆ ಬಂದು ನಿಲ್ಲುತ್ತೀರಿ. ಕಾಲೇಜಿನಲ್ಲಿ ಓದಿದ ಬೈನರಿ ಸರ್ಚ್ ತೆಂಗಿನ ತೋಟದಲ್ಲೂ ಓಡುತ್ತದೆ.

ಅದೇ ಮಲ್ಟಿಮೀಟರಿನಿಂದ ಇನ್ನೊಂದು ಸೂಚನೆಯೂ ಸಿಗುತ್ತದೆ. 20 ಗೇಜ್ ಶುದ್ಧ ತಾಮ್ರದ ತಂತಿ 200 ಮೀಟರ್ ಇದ್ದರೆ ರೆಸಿಸ್ಟೆನ್ಸ್ ಸುಮಾರು ಏಳು ಓಮ್. ಹಾಕಿದ ದಿನದ ಅಂಕಿ ಬರೆದಿಟ್ಟುಕೊಳ್ಳಿ. ಮಳೆಗಾಲ ಕಳೆದ ಮೇಲೆ ಅದು ತುಂಬಾ ಏರಿದ್ದರೆ ಯಾವುದೋ ಜೋಡಣೆ ಒಳಗೊಳಗೇ ತುಕ್ಕು ಹಿಡಿಯುತ್ತಿದೆ. ತುಂಡಾಗುವ ಮೊದಲೇ ಗೊತ್ತಾಯಿತಲ್ಲ.

ಪೆಟ್ಟಿಗೆ ಸರಿಯಿದೆ, ನಾಯಿ ಮಾತ್ರ ದಾಟುತ್ತಿದೆಯಾ? ಪಟ್ಟಿಯ ಬ್ಯಾಟರಿ ನೋಡಿ. ಪಟ್ಟಿಯನ್ನು ಕೈಯಲ್ಲಿ ಹಿಡಿದು, ಕಡ್ಡಿಗಳನ್ನು ಮುಟ್ಟದೆ, ನಾಯಿಯ ಕೊರಳಿನ ಎತ್ತರದಲ್ಲಿ ತಂತಿಯ ಕಡೆ ನಡೆಯಿರಿ. ಬೀಪ್ ಬಂದರೆ ಎಲೆಕ್ಟ್ರಾನಿಕ್ಸ್ ಸರಿ, ಪಟ್ಟಿ ಸಡಿಲವಾಗಿದೆ ಅಥವಾ ಕಡ್ಡಿಗಳು ರೋಮ ದಾಟಿ ಚರ್ಮ ಮುಟ್ಟುತ್ತಿಲ್ಲ. ಪಟ್ಟಿಯೊಳಗೆ ಒಂದು ಬೆರಳು ಹೋಗುವಷ್ಟು ಬಿಗಿ ಸಾಕು.

ಅಂಗಳದ ನಡುವೆ, ತಂತಿಯೇ ಇಲ್ಲದ ಕಡೆ ಬೀಪ್ ಆಗುತ್ತಿದೆಯಾ? ಸಿಗ್ನಲ್ ಟಿವಿ ಕೇಬಲ್‌ಗೋ ತಗಡಿನ ಮಾಡಿಗೋ ಹಾರಿರಬಹುದು. ಇದನ್ನು ನಾಳೆ ನೋಡೋಣ ಅಂತ ಬಿಡಬೇಡಿ, ಪಟ್ಟಿಯನ್ನು ಕೂಡಲೇ ತೆಗೆಯಿರಿ. ಗಡಿಯಲ್ಲಿ ಬೀಳುವ ಏಟಿಗೆ ಅರ್ಥ ಇದೆ. ಅನ್ನದ ತಟ್ಟೆಯ ಹತ್ತಿರ ಬೀಳುವ ಏಟಿಗೆ ಇಲ್ಲ. ಅಂಥದ್ದು ಎರಡು ಸಲ ಆದರೆ ಕಲಿತ ಪಾಠವೆಲ್ಲ ಅಳಿಸಿಹೋಗಿ ನಾಯಿ ಅಂಗಳಕ್ಕೇ ಇಳಿಯದಂತಾಗಬಹುದು.

ಗುಡುಗು ಶುರುವಾದರೆ ಪ್ಲಗ್ ಕಿತ್ತು, ತಂತಿಯನ್ನೂ ಪೆಟ್ಟಿಗೆಯಿಂದ ಬಿಚ್ಚಿ. ಇಷ್ಟು ಉದ್ದದ ತಂತಿ ಸಿಡಿಲಿನ ಹೊಡೆತವನ್ನು ನೇರ ಒಳಗೆ ತರುತ್ತದೆ. ಸರ್ಜ್ ಪ್ರೊಟೆಕ್ಟರ್, ಒಳ್ಳೆಯ ಅರ್ಥಿಂಗ್ ಎರಡೂ ಇರಲಿ. ಕರೆಂಟ್ ಹೋದಾಗಲೂ ಬೇಲಿ ಇಲ್ಲ ಅನ್ನೋದು ನೆನಪಿರಲಿ. ಇನ್ವರ್ಟರ್ ಲೈನಿಗೆ ಕೊಟ್ಟರೆ ಚಿಂತೆ ಕಡಿಮೆ.

ಇದು ತಡೆಯದ ಸಂಗತಿಗಳು

ನಾಯಿ ಹೊರಗೆ ಹೋಗೋದನ್ನು ಈ ಬೇಲಿ ತಡೆಯುತ್ತದೆ. ಹೊರಗಿನದು ಒಳಗೆ ಬರೋದನ್ನು ತಡೆಯೋದಿಲ್ಲ. ಬೀದಿ ನಾಯಿಗೆ ಕೊರಳ ಪಟ್ಟಿ ಇಲ್ಲವಲ್ಲ. ಹಾಗಾಗಿ ಬೇಲಿ ಬಂತು ಅಂತ ರೇಬೀಸ್ ಲಸಿಕೆ ತಪ್ಪಿಸುವಂತಿಲ್ಲ.

ಕಾರವಾರ, ಅಂಕೋಲಾ ಎರಡಕ್ಕೂ ಬೆನ್ನ ಹಿಂದೆಯೇ ಕಾಡು. ಚಿರತೆಗೆ ನಾಯಿ ಸುಲಭದ ಬೇಟೆ. ಚಿರತೆ ಬಂದಾಗ ತಪ್ಪಿಸಿಕೊಳ್ಳಲು ಓಡುವ ನಾಯಿಗೆ ಈ ಗಡಿಯೇ ಅಡ್ಡವಾಗಬಹುದು. ಕತ್ತಲಾದ ಮೇಲೆ ನಾಯಿ ಮನೆಯೊಳಗೋ ಗಟ್ಟಿ ಗೂಡಿನೊಳಗೋ ಇರಲೇಬೇಕು. ಪಟ್ಟಿಯನ್ನು ದಿನಕ್ಕೆ 12 ಗಂಟೆಗಿಂತ ಹೆಚ್ಚು ಹಾಕಬಾರದು ಅನ್ನೋ ನಿಯಮವೂ ಇದಕ್ಕೇ ಹೊಂದುತ್ತದೆ. ಬೆಳಿಗ್ಗೆ ಹಾಕಿ, ಸಂಜೆ ದೀಪ ಹಚ್ಚುವ ಹೊತ್ತಿಗೆ ತೆಗೆಯಿರಿ. ತೆಗೆದಾಗ ಕೊರಳು ನೋಡಿ. ಮಳೆಗಾಲದಲ್ಲಿ ಪಟ್ಟಿಯ ಕೆಳಗೆ ರೋಮ ಒಣಗೋದೇ ಇಲ್ಲ, ಕಡ್ಡಿ ಒತ್ತಿದಲ್ಲಿ ಹುಣ್ಣಾಗುತ್ತದೆ. ಕೆಂಪಾಗಿದ್ದರೆ ವಾಸಿಯಾಗುವವರೆಗೆ ಪಟ್ಟಿ ಬೇಡ.

ಇನ್ನೊಂದು ದೀಪಾವಳಿ. ಪಟಾಕಿಗೆ ಬೆದರಿದ ನಾಯಿ ಏಟನ್ನೂ ಲೆಕ್ಕಿಸದೆ ದಾಟಿಬಿಡುತ್ತದೆ. ಭಯ ಇಳಿದ ಮೇಲೆ ಮನೆಗೆ ಬರಬೇಕೆಂದರೆ ಅದೇ ತಂತಿ ಎದುರಿಗೆ, ಅದೇ ಏಟು. ಓಡುವಾಗ ಇಲ್ಲದ ಧೈರ್ಯಭಂಗ ತಿರುಗಿ ಬರುವಾಗ ಆಗುತ್ತದೆ, ನಾಯಿ ಹೊರಗೇ ಉಳಿಯುತ್ತದೆ. ಹಬ್ಬದ ದಿನಗಳಲ್ಲಿ ಅದನ್ನು ಒಳಗಿಟ್ಟುಕೊಳ್ಳಿ.

ಜಿಪಿಎಸ್ ಪಟ್ಟಿ ತರೋಣವಾ ಅಂತ ಕೇಳುವವರಿದ್ದಾರೆ. ತಂತಿ ಬೇಡ ಅನ್ನೋದು ನಿಜ. ಆದರೆ ಜಿಪಿಎಸ್ ಅಂದಾಜು ಕೆಲವು ಮೀಟರ್ ಅತ್ತಿತ್ತ ಆಗೋದು ಮಾಮೂಲು, ಮರದ ನೆರಳಿನಲ್ಲಿ ಇನ್ನೂ ಹೆಚ್ಚು. ಹತ್ತು ಎಕರೆ ತೋಟಕ್ಕೆ ಸರಿ. ಹತ್ತು ಗುಂಟೆ ಜಾಗದಲ್ಲಿ ನಾಯಿಗೆ ಗಡಿ ಇವತ್ತು ಒಂದು ಕಡೆ, ನಾಳೆ ಇನ್ನೊಂದು ಕಡೆ.

ಹಾಗಾದರೆ ಬೇಕಾ?

ಮನೆಯಲ್ಲಿ ಯಾರು ಎರಡು ವಾರ ದಿನಕ್ಕೆ ಮೂರು ಸಲ ನಾಯಿಯ ಜೊತೆ ನಡೆಯುತ್ತಾರೆ? ಯಾರು ಸಂಜೆ ಪಟ್ಟಿ ತೆಗೆದು ಕೊರಳು ನೋಡುತ್ತಾರೆ? ಈ ಎರಡು ಪ್ರಶ್ನೆಗೆ ಹೆಸರು ಹಿಡಿದು ಉತ್ತರ ಕೊಡಲು ಆದರೆ ತರಿಸಿ. ನೀವೇ ರಜೆ ಹಾಕಿ ಹೋಗೋದಾದರೆ ಇನ್ನೂ ಒಳ್ಳೆಯದು. ಮಳೆ ಶುರುವಾಗುವ ಮುಂಚೆ ಹೋಗಿ, ಚಾರ್ಜರ್ ಜೊತೆ ಮಲ್ಟಿಮೀಟರ್ ಕೂಡ ಬ್ಯಾಗಿಗೆ ಹಾಕಿಕೊಳ್ಳಿ.

"ಅಪ್ಪ ನೋಡಿಕೊಳ್ತಾರೆ ಬಿಡು" ಅನ್ನೋದು ನಿಮ್ಮ ಉತ್ತರವಾದರೆ, ಮೊದಲು ಅಪ್ಪನಿಗೊಂದು ಫೋನ್ ಮಾಡಿ ಕೇಳಿ. ಅವರ ಮೊಣಕಾಲು ಅಷ್ಟು ನಡೆಯಲಿಕ್ಕೆ ಒಪ್ಪದಿದ್ದರೆ ಅದೇ ದುಡ್ಡಿನಲ್ಲಿ ಅಂಗಳದ ಒಂದು ಪಾಲಿಗೆ ಕಬ್ಬಿಣದ ಜಾಳಿಗೆ ಹಾಕಿಸಿ, ಸರಪಳಿ ಬಿಚ್ಚಿಸಿ. ಜಾಳಿಗೆಗೆ ಬ್ಯಾಟರಿ ಬೇಡ, ಪಾಠ ಬೇಡ, ಕರೆಂಟ್ ಹೋದರೂ ಅದು ನಿಂತೇ ಇರುತ್ತದೆ. ಹೊರಗಿನ ನಾಯಿಯನ್ನೂ ತಡೆಯುತ್ತದೆ.

ಎರಡರಲ್ಲಿ ಯಾವುದಾದರೂ ಆಗಲಿ, ನಾಯಿ ಸರಪಳಿಯಿಂದ ಬಿಡುಗಡೆಯಾಗಬೇಕು, ಹೆದ್ದಾರಿಗೂ ಹೋಗಬಾರದು. ಖರ್ಚು ಮಾಡುತ್ತಿರೋದು ಅಷ್ಟಕ್ಕೇ.