ನಗುವುದಕ್ಕೆ ಸಿಕ್ಕ ದೇಶ

ಐವತ್ತು ದಾಟಿದ ಮೇಲೆ ಕಾದಂಬರಿ ಓದಿ ಸಿಟ್ಟು ಮಾಡಿಕೊಳ್ಳಬಾರದು ಎಂದು ನಮ್ಮ ಮನೆಯವರು ಹೇಳುತ್ತಾರೆ. ನಾನು ಮಾಡಿಕೊಂಡಿದ್ದೇನೆ. ಕಾದಂಬರಿಯ ಹೆಸರು ‘ಎ ಗುಡ್ ಮ್ಯಾನ್ ಇನ್ ಆಫ್ರಿಕಾ’. ಬರೆದವರು ವಿಲಿಯಂ ಬಾಯ್ಡ್, ಪ್ರಕಟವಾದದ್ದು 1981ರಲ್ಲಿ. ಮೈಸೂರಿನಲ್ಲಿ ಓದುವ ಮಗಳು ರಜೆಗೆ ಚುಂಚನಕಟ್ಟೆಗೆ ಬಂದವಳು, “ಓದಮ್ಮಾ, ಹೊಟ್ಟೆ ಹುಣ್ಣಾಗೋ ಹಾಗೆ ನಗ್ತೀಯ” ಎಂದು ಕೊಟ್ಟಳು. ನಕ್ಕೆ. ಸುಳ್ಳು ಯಾಕೆ ಹೇಳಲಿ?

ಕಿಂಜಾಂಜಾ ಎಂಬುದು ಪಶ್ಚಿಮ ಆಫ್ರಿಕಾದ ಒಂದು ಕಲ್ಪಿತ ದೇಶ. ಬ್ರಿಟಿಷರು ಬಿಟ್ಟುಹೋಗಿ ಸ್ವಾತಂತ್ರ್ಯವೇನೋ ಬಂದಿದೆ. ಸರ್ಕಾರ ಯಾವ ಗಳಿಗೆಯಲ್ಲಿ ಉರುಳೀತೋ ಗೊತ್ತಿಲ್ಲ. ಅಲ್ಲಿನ ಬ್ರಿಟಿಷ್ ಕಚೇರಿಯಲ್ಲಿ ಮಾರ್ಗನ್ ಲೀಫಿ ಎಂಬ ಅಧಿಕಾರಿ. ದಪ್ಪ ಮೈ, ಕುಡಿತ, ಹೆಂಗಸರ ಚಪಲ. ಊರಿನ ರಾಜಕಾರಣಿಯೊಬ್ಬ ಅವನ ಜುಟ್ಟು ಹಿಡಿದು ಕುಣಿಸುತ್ತಾನೆ. ಬಾಯ್ಡ್ 1952ರಲ್ಲಿ ಘಾನಾದಲ್ಲಿ ಹುಟ್ಟಿ ಆ ಕಡೆಯೇ ಬೆಳೆದವರು. ಗೇಲಿ ಮಾಡುವುದು ಹೆಚ್ಚಾಗಿ ತಮ್ಮವರನ್ನೇ. ಅದನ್ನು ನಾನು ಒಪ್ಪುತ್ತೇನೆ.

ನನ್ನ ತಕರಾರು ಒಂದು ಹೆಣದ ಬಗ್ಗೆ. ಇನ್ನೊಸೆನ್ಸ್ ಎಂಬ ಕೆಲಸದವಳು ಸಿಡಿಲು ಬಡಿದು ಸಾಯುತ್ತಾಳೆ. ಸಿಡಿಲಿನ ದೇವರಾದ ಶಾಂಗೋ ಕೊಂದವರ ಹೆಣವನ್ನು ಶಾಸ್ತ್ರ ಮುಗಿಯದೆ ಮುಟ್ಟುವಂತಿಲ್ಲ. ಇತ್ತ ಇಂಗ್ಲೆಂಡಿನಿಂದ ದೊಡ್ಡವರ ಸವಾರಿ ಬರುವುದಿದೆ. ಹೆಣ ಬಿಸಿಲಿನಲ್ಲಿ ಬಿದ್ದಿದೆ. ಅದನ್ನು ಸಾಗಿಸುವುದು ಮಾರ್ಗನ್‌ನ ಪಾಲಿಗೆ ಬರುತ್ತದೆ, ಪೇಚಾಟದ ಮೇಲೆ ಪೇಚಾಟ. ಪುಸ್ತಕದ ಬಹುಪಾಲು ನಗು ಅಲ್ಲಿಂದಲೇ ಹುಟ್ಟುವುದು. ಬಿಳಿಯ ಗಂಡಸು ಹಾಸ್ಯಾಸ್ಪದನಾಗಲು ಕಪ್ಪು ಹೆಂಗಸು ಮೊದಲು ಸಾಯಬೇಕು ಎಂದಾಯಿತು. ಇವರಿಗೂ ಹಿಂದೆ, 1932ರಲ್ಲೇ, ಈವ್ಲಿನ್ ವಾ ಎಂಬಾತ ಕಲ್ಪಿತ ಆಫ್ರಿಕನ್ ರಾಜ್ಯವೊಂದನ್ನು ಕಟ್ಟಿ, ಅಲ್ಲಿನ ಸೈನಿಕರಿಗೆ ಬೂಟು ಕೊಟ್ಟರೆ ಬೇಯಿಸಿಕೊಂಡು ತಿಂದರು ಎಂದು ನಗಿಸಿದ್ದ. ಅಡಿಪಾಯ ಆಗಲೇ ಬಿದ್ದಿತ್ತು.

ಹಾಗಾದರೆ ಇಂಥ ದೇಶಗಳಿಗೆ ಹೊರಗಿನಿಂದ ಹೋಗುವವರೆಲ್ಲ ಕ್ಲಬ್ಬಿನಲ್ಲಿ ಜಿನ್ ಕುಡಿಯುವವರೇ? ನಮ್ಮ ಪಕ್ಕದ ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನ ಯಾರು ಮತ್ತೆ? ಮನೆಯಲ್ಲಿ ವಾಗ್ರಿಬೂಲಿ, ಸಂತೆಯಲ್ಲಿ ಕನ್ನಡ, ಹೋದ ದೇಶದಲ್ಲಿ ಅಲ್ಲಿನ ಮಾತು. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಹಕ್ಕಿ ಹಿಡಿಯುವ ಕುಲಕಸುಬು ಅಪರಾಧವಾಯಿತು. ಪ್ಲಾಸ್ಟಿಕ್ ಹೂ ಮಾರಿದರು, ಮೂಲಿಕೆ ಎಣ್ಣೆ ಕಾಯಿಸಿದರು, ಸಾಲ ಮಾಡಿ ವಿಮಾನ ಹತ್ತಿ ಆಫ್ರಿಕಾಕ್ಕೆ ಹೋದರು.

2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಸೈನ್ಯಕ್ಕೂ ಅರೆಸೇನಾ ಪಡೆಗೂ ಯುದ್ಧ ಹತ್ತಿಕೊಂಡಿತು. ಡಾರ್ಫರ್‌ನ ಎಲ್ ಫಶೇರ್‌ನಂಥ ಊರಿನಲ್ಲಿ ಬಾಡಿಗೆ ಕೋಣೆಯೊಳಗೆ ನಮ್ಮವರು ಸಿಕ್ಕಿಬಿದ್ದರು. ಕರ್ನಾಟಕದ 31 ಹಕ್ಕಿಪಿಕ್ಕಿಗಳನ್ನು ಕರೆತನ್ನಿ ಎಂದು ಸಿದ್ದರಾಮಯ್ಯನವರು ಟ್ವಿಟರ್‌ನಲ್ಲಿ ಬರೆದರು, ರಾಜಕೀಯ ಮಾಡಬೇಡಿ ಎಂದು ವಿದೇಶಾಂಗ ಸಚಿವ ಜೈಶಂಕರ್ ಸಿಡುಕಿದರು. ನಮ್ಮಲ್ಲಿ ಚುನಾವಣೆಯ ಕಾಲ ನೋಡಿ! ಕೊನೆಗೆ ಪೋರ್ಟ್ ಸುಡಾನಿನಿಂದ ಜೆಡ್ಡಾಕ್ಕೆ, ಅಲ್ಲಿಂದ ಊರಿಗೆ ಜನರನ್ನು ಸಾಗಿಸಿದ ಆ ಕಾರ್ಯಾಚರಣೆಗೆ ಇಟ್ಟ ಹೆಸರು ‘ಕಾವೇರಿ’. ನಮ್ಮೂರಿನಲ್ಲಿ ಬಂಡೆಯಿಂದ ಧುಮುಕುವ ಕಾವೇರಿ. ಎಲ್ ಫಶೇರ್ 2025ರ ಅಕ್ಟೋಬರ್‌ನಲ್ಲಿ ಅರೆಸೇನಾ ಪಡೆಯ ಕೈಗೆ ಬಿದ್ದು, ಅಲ್ಲಿ ಕಗ್ಗೊಲೆಗಳಾದವು. ಓಡಿಬರಲು ವಿಮಾನವಿಲ್ಲದವರು ಅಲ್ಲೇ ಉಳಿದಿದ್ದರಲ್ಲ.

ಆ ಏಪ್ರಿಲ್‌ನಲ್ಲಿ ನಮ್ಮ ಸ್ಟಾಫ್ ರೂಮಿನಲ್ಲಿ ಏನಾಯಿತು ಗೊತ್ತೇ? “ಅಲ್ಲಾ ಮೇಡಂ, ಗುಂಗುರು ಕೂದ್ಲೋರಿಗೆ ಕೂದ್ಲೆಣ್ಣೆ ಮಾರಕ್ಕೆ ಹೋಗವ್ರಲ್ಲ!” ಎಂದರು ಒಬ್ಬರು. ಎಲ್ಲರೂ ನಕ್ಕರು. ನಾನೂ ಟೀ ಲೋಟದ ಹಿಂದೆ ನಕ್ಕೆ. ಬೂಟು ತಿಂದ ಕಥೆಗೂ ಇದಕ್ಕೂ ಏನು ವ್ಯತ್ಯಾಸ? ಒಂದೇ ಏಟಿಗೆ ಆಫ್ರಿಕಾದವರನ್ನೂ ಹಕ್ಕಿಪಿಕ್ಕಿಗಳನ್ನೂ ಹೊಡೆದಿದ್ದೆವು, ಅಷ್ಟೇ. ಅಮೆರಿಕಕ್ಕೆ ಹೋದ ನಮ್ಮ ಸಹೋದ್ಯೋಗಿಯ ಮಗ ಅನಿವಾಸಿ ಭಾರತೀಯ, ಸುಡಾನಿಗೆ ಹೋದವರು ‘ಸಿಕ್ಕಿಹಾಕಿಕೊಂಡವರು’.

ನಗಬಾರದು ಎಂದು ನಾನು ಹೇಳುತ್ತಿಲ್ಲ. ಗೊರೂರರು ಇಳಿವಯಸ್ಸಿನಲ್ಲಿ ಅಮೆರಿಕಕ್ಕೆ ಹೋಗಿ ಬಂದು ನಗುನಗುತ್ತಾ ಬರೆದ ‘ಅಮೆರಿಕದಲ್ಲಿ ಗೊರೂರು’ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಲ್ಲಿ ಪೇಚಿಗೆ ಸಿಗುವವರು ಗೊರೂರರೇ. ಹಾಗೆಯೇ ಸುಡಾನಿನ ಹಾಸ್ಯ ಕಾದಂಬರಿಯನ್ನು ಪಕ್ಷಿರಾಜಪುರದ ಹುಡುಗಿಯೊಬ್ಬಳು ಬರೆಯಲಿ, ಎಣ್ಣೆ ಕೊಂಡ ಸುಡಾನಿನ ಹೆಂಗಸಿಗೂ ಅದರಲ್ಲಿ ಒಂದು ಮನೆ, ಒಂದು ಬಾಯಿ ಇರಲಿ. ಅಲ್ಲಿಯವರೆಗೆ ಬಾಯ್ಡ್‌ರ ಪುಸ್ತಕವನ್ನು ‘ಆಫ್ರಿಕಾದ ಚಿತ್ರ’ ಎಂದು ಯಾರೂ ನನ್ನ ಕೈಗೆ ಕೊಡಬೇಡಿ.

ಕಳೆದ ಸಂಕ್ರಾಂತಿಯ ಹೊತ್ತಿಗೆ ನಮ್ಮ ದನಗಳ ಜಾತ್ರೆಯಲ್ಲಿ ಎಣ್ಣೆ ಮಾರುತ್ತಿದ್ದವಳೊಬ್ಬಳು ಸಿಕ್ಕಳು. ಆಫ್ರಿಕಾಕ್ಕೆ ಹೋಗಿ ಬಂದವಳೇ. ಅಲ್ಲಿ ಕೈಸನ್ನೆಯಲ್ಲಿ ಚೌಕಾಸಿ ಮಾಡಿದ್ದನ್ನು ಅಭಿನಯಿಸಿ ತೋರಿಸಿ ನನ್ನನ್ನು ನಗಿಸಿದಳು. ನಾನೂ ಸುಮ್ಮನಿರದೆ ಈ ಕಾದಂಬರಿಯ ಕಥೆ ಹೇಳಿದೆ, ಸಿಡಿಲು, ಹೆಣ, ಸಾಹೇಬನ ಪೇಚಾಟ ಎಲ್ಲ. ಅವಳು ನಗಲಿಲ್ಲ. “ಆ ಸತ್ತೋದೋಳಿಗೆ ಮಕ್ಳಿದ್ವಾ ಅಕ್ಕಾ?” ಎಂದಳು.

ತಕ್ಷಣ ಹೇಳಲಾಗಲಿಲ್ಲ. ಮನೆಗೆ ಬಂದು ಪುಸ್ತಕ ಹುಡುಕಿ, ಕನ್ನಡಕ ಹಾಕಿಕೊಂಡು ಪುಟ ತಿರುವುತ್ತಾ ಕೂತೆ.