ದೋಣಿಗೆ ಲಂಗರು, ಊರಿನವರಿಗೆ ನಿಷೇಧ

ಮಾಲ್ಡೀವ್ಸ್‌ನ ದಕ್ಷಿಣ ತುದಿಯಿಂದ ಇನ್ನೂ ಸುಮಾರು 500 ಕಿ.ಮೀ. ಕೆಳಗಿಳಿದರೆ ಚಾಗೋಸ್ ದ್ವೀಪಸಮೂಹದ ಸಾಲೊಮನ್ ಹವಳದ್ವೀಪಗಳು ಸಿಗುತ್ತವೆ. ಹಿಂದೂ ಮಹಾಸಾಗರ ದಾಟುವ ಹಾಯಿದೋಣಿಗಳಿಗೆ ಇದು ಬಹುಕಾಲದಿಂದ ಮೆಚ್ಚಿನ ತಂಗುದಾಣ. ಸುತ್ತಲಿನ ಹವಳದಿಬ್ಬ ಅಲೆಗಳನ್ನು ಹೊರಗೇ ತಡೆಯುತ್ತದೆ, ಒಳಗಿನ ನೀರು ಕೆರೆಯಷ್ಟು ಶಾಂತ. ಒಂದು ಕಾಲದಲ್ಲಿ ವಿದೇಶಿ ನಾವಿಕರು ಇಲ್ಲಿನ ಬೊಡಾಂ ದ್ವೀಪದಲ್ಲಿ ತಿಂಗಳುಗಟ್ಟಲೆ ಬೀಡುಬಿಡುತ್ತಿದ್ದರು. ಮೀನು ಹಿಡಿಯುತ್ತಿದ್ದರು, ವಾಲಿಬಾಲ್ ಆಡುತ್ತಿದ್ದರು, ಹಳೆಯ ಬಾವಿಯ ನೀರು ಸೇದಿ ಬಟ್ಟೆ ಒಗೆಯುತ್ತಿದ್ದರು. ಆ ಬಾವಿಯ, ಪಕ್ಕದಲ್ಲೇ ಪಾಳುಬಿದ್ದ ಚರ್ಚಿನ ವಾರಸುದಾರರು ಮಾತ್ರ ಮಾರಿಷಸ್‌ನ ಕೊಳೆಗೇರಿಗಳಲ್ಲಿದ್ದರು. ತೆಂಗಿನ ತೋಟಗಳಿಗೆ ಆಫ್ರಿಕಾದಿಂದ ಗುಲಾಮರಾಗಿಯೂ ಆಮೇಲೆ ಭಾರತದಿಂದ ಕೂಲಿಗಳಾಗಿಯೂ ಬಂದವರ ಸಂತತಿ ಅದು. ಡಿಯಾಗೊ ಗಾರ್ಸಿಯಾದಲ್ಲಿ ಅಮೆರಿಕದ ಸೇನಾನೆಲೆಗೆ ಜಾಗ ಬೇಕೆಂದು ಬ್ರಿಟನ್ 1968ರಿಂದ 1973ರೊಳಗೆ ಅವರೆಲ್ಲರನ್ನೂ ಎಬ್ಬಿಸಿತು. ನೆಲೆಯಿಂದ 200 ಕಿ.ಮೀ. ಆಚೆಗಿರುವ ಸಾಲೊಮನ್ ಕೂಡ ಖಾಲಿಯಾಯಿತು.

ಈಚಿನ ವರ್ಷಗಳಲ್ಲಿ ನಿಯಮ ಬಿಗಿಯಾಗಿದೆ. ಮುಂಗಡ ಪರವಾನಗಿ, ಶುಲ್ಕ, ವಿಮೆ ಇದ್ದರಷ್ಟೇ ಲಂಗರು ಹಾಕಬಹುದು, ಅದೂ ಕೆಲವೇ ವಾರ. ಇದು ಸರಿಯೇ. ಲಂಗರಿನ ಸರಪಳಿ ಹವಳದ ಬಂಡೆಗೆ ಸುತ್ತಿಕೊಂಡು ಗಾಳಿ ತಿರುಗಿದಂತೆಲ್ಲ ಎಳೆದಾಡಿದರೆ ದಶಕಗಳ ಬೆಳವಣಿಗೆ ಒಂದೇ ರಾತ್ರಿಯಲ್ಲಿ ಪುಡಿಯಾಗುತ್ತದೆ. ನನ್ನ ತಕರಾರು ಪರವಾನಗಿಯ ಬಗ್ಗೆ ಅಲ್ಲ, ಅದನ್ನು ಕೊಡುವವರು ಯಾರು ಎಂಬುದರ ಬಗ್ಗೆ. ಈ ನೀರಿನಲ್ಲಿ ಯಾರು ತಂಗಬೇಕು, ಎಷ್ಟು ದಿನ, ಯಾವ ಜಾಗದಲ್ಲಿ ಎಂದು ಹೇಳುವ ಅಧಿಕಾರವೂ ಅದರಿಂದ ಬರುವ ಶುಲ್ಕವೂ ಚಾಗೋಸ್ ಜನರಿಗೆ ಸೇರಬೇಕು. 2006ರಲ್ಲಿ ಅವರಲ್ಲಿ ಸುಮಾರು ನೂರು ಮಂದಿಯನ್ನು ಹಡಗಿನಲ್ಲಿ ಕರೆದೊಯ್ದು, ಹಿರಿಯರ ಸಮಾಧಿ ತೋರಿಸಿ, ವಾಪಸ್ ಕರೆತರಲಾಯಿತು. ದಾರಿಹೋಕ ದೋಣಿಗೆ ವಾರಗಳ ಅವಕಾಶವಿದ್ದ ಜಾಗದಲ್ಲಿ ಹುಟ್ಟಿದವರಿಗೆ ಸಿಕ್ಕಿದ್ದು ಕಾವಲಿನ ನಡುವಿನ ಪ್ರವಾಸ.

ದೋಣಿಯವರು ನೀರು, ದಿನಸಿ ಎಲ್ಲ ತಾವೇ ತಂದುಕೊಂಡು ಹೊರಟುಹೋಗುತ್ತಾರೆ, ನೆಲೆಸುವವರಿಗಾದರೆ ಶಾಲೆ, ಆಸ್ಪತ್ರೆ, ಜೆಟ್ಟಿ ಎಲ್ಲವೂ ಬೇಕು, ಎರಡನ್ನೂ ಹೋಲಿಸುವುದು ಹೇಗೆ ಎನ್ನಬಹುದು. ನ್ಯಾಯವಾದ ಪ್ರಶ್ನೆಯೇ. ವೆಚ್ಚವನ್ನೂ ಮುಂದಿಟ್ಟೇ ಬ್ರಿಟನ್ 2016ರಲ್ಲಿ ಮರುವಸತಿ ಬೇಡವೆಂದಿತು. ಆದರೆ ಎಲ್ಲರೂ ನಾಳೆಯೇ ಮನೆ ಕಟ್ಟಬೇಕೆಂದೇನೂ ಇಲ್ಲ. ಕಾವಲುಗಾರರಾಗಿ, ಲಂಗರು ನೋಡಿಕೊಳ್ಳುವವರಾಗಿ ಹತ್ತಿಪ್ಪತ್ತು ಮಂದಿ ಸರದಿಯ ಮೇಲೆ ಇರುವುದು ಅಸಾಧ್ಯವಲ್ಲ. ಸಮುದ್ರ ಏರುತ್ತಿದೆ, ತಗ್ಗಿನ ದ್ವೀಪಗಳು ಮುಳುಗುತ್ತವೆ ಎಂಬ ವಾದವಂತೂ ವಿಚಿತ್ರ. ಅದೇ ಎತ್ತರದ ಡಿಯಾಗೊ ಗಾರ್ಸಿಯಾವನ್ನು 2025ರ ಮೇ ತಿಂಗಳಲ್ಲಿ ಸಹಿಯಾದ ಬ್ರಿಟನ್–ಮಾರಿಷಸ್ ಒಪ್ಪಂದದಲ್ಲಿ 99 ವರ್ಷಕ್ಕೆ ಗುತ್ತಿಗೆ ಬರೆದುಕೊಳ್ಳಲಾಗಿದೆ. ರನ್‌ವೇಗೆ ಇಲ್ಲದ ಸಮುದ್ರದ ಭಯ ಗುಡಿಸಲಿಗೆ ಮಾತ್ರ ಏಕೆ?

ಪರಿಸರದ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಹಳೆಯ ತೋಟಗಳು ಕಾಡನ್ನು ನುಂಗಿದವು, ಜನರೊಂದಿಗೆ ಬಂದ ಇಲಿಗಳು ಕಡಲಹಕ್ಕಿಗಳ ಮೊಟ್ಟೆ ತಿಂದವು, ಇವು ನಿಜ. ಹಾಗೆಂದು ಮನುಷ್ಯರಿಲ್ಲದಿದ್ದರೆ ಹವಳ ಬದುಕುತ್ತದೆ ಎನ್ನಲಾಗದು. 2015–16ರಲ್ಲಿ ಸಮುದ್ರ ಬಿಸಿಯಾದಾಗ, ಯಾರೂ ವಾಸವಿಲ್ಲದ ಹೊರದ್ವೀಪಗಳಲ್ಲೂ ಹವಳ ಬಿಳಿಚಿ ಸತ್ತಿತು. 2010ರಲ್ಲಿ ಬ್ರಿಟನ್ ಇಲ್ಲಿ ಘೋಷಿಸಿದ ಬೃಹತ್ ಸಾಗರ ಸಂರಕ್ಷಿತ ಪ್ರದೇಶ ಸಮುದ್ರ ಕಾನೂನಿಗೆ ವಿರುದ್ಧವಾದ ರೀತಿಯಲ್ಲಿ ಆಗಿದೆ ಎಂದು 2015ರಲ್ಲಿ ಅಂತರರಾಷ್ಟ್ರೀಯ ಪಂಚಾಯ್ತಿ ಮಂಡಳಿ ತೀರ್ಪಿತ್ತಿತು. ಮಾರಿಷಸ್‌ನ ಹಕ್ಕುಗಳನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಆ ಒಪ್ಪಂದದಂತೆ ದ್ವೀಪಗಳ ಒಡೆತನ ಮಾರಿಷಸ್ ಕೈಗೆ ಬಂದರೆ ಸಾಕು ಎಂಬ ಮಾತೂ ಪೂರ್ತಿ ಒಪ್ಪುವಂಥದ್ದಲ್ಲ. ಹೊರದ್ವೀಪಗಳಲ್ಲಿ ಮರುವಸತಿಗೆ ಒಪ್ಪಂದ ಅವಕಾಶ ಕೊಟ್ಟಿದೆ, ಆದರೆ ಯಾವಾಗ, ಹೇಗೆ ಎಂಬುದು ಮಾರಿಷಸ್ ಸರ್ಕಾರಕ್ಕೆ ಬಿಟ್ಟದ್ದು. ಮಾತುಕತೆಯಲ್ಲಿ ತಮ್ಮನ್ನು ಕೇಳಲೇ ಇಲ್ಲ ಎಂದು ಬ್ರಿಟನ್ನಿನಲ್ಲಿರುವ ಅನೇಕ ಚಾಗೋಸ್ ಕುಟುಂಬಗಳು ಅದನ್ನು ವಿರೋಧಿಸಿವೆ. ಅವರೆಲ್ಲ ಮರಳಿ ಹೋಗುತ್ತಾರೋ ಇಲ್ಲವೋ ಬೇರೆ ವಿಷಯ. ಆದರೆ ಬೊಡಾಂ ಬಳಿ ಲಂಗರಿಗೆ ಅರ್ಜಿ ಹಾಕುವ ನಾವಿಕನ ಕಾಗದದ ಮೇಲೆ ಸಹಿ ಬೀಳುವುದು ಆ ಊರಿನವರದ್ದೇ ಆಗಿರಬೇಕು. ಇಂಥದೊಂದು ಸಣ್ಣ ವ್ಯವಸ್ಥೆಗೆ ಸೇನಾನೆಲೆಯೂ ಅಡ್ಡಬರದು, ಖಜಾನೆಯೂ ಬರಿದಾಗದು.