ಲ್ಯಾಪ್‌ಟಾಪಿಗೆ ಬೇರೆ ಸಿಮ್ ಬೇಕೆ?

ಸೌಕಾರ್‌ಪೇಟೆ ಅಂದರೆ ಸಾಹುಕಾರರ ಪೇಟೆ. ಈಸ್ಟ್ ಇಂಡಿಯಾ ಕಂಪನಿಯ ಟಂಕಸಾಲೆಯಿಂದ ಹೆಸರು ಪಡೆದ ಮಿಂಟ್ ಸ್ಟ್ರೀಟ್ ಇರುವುದೂ ಇಲ್ಲೇ. ಅದರ ಪಕ್ಕದ ಗಲ್ಲಿಯಲ್ಲಿ, ಎರಡನೇ ಮಹಡಿಯಲ್ಲಿ ನಮ್ಮ ಬಾಡಿಗೆ ಮನೆ. ವಾರಕ್ಕೆ ಮೂರು ದಿನ ಅದೇ ನನ್ನ ಆಫೀಸು. ಮಂಡಿ ನೋವಿನ ಅಮ್ಮ ಊರಿಂದ ಬಂದು ಜೊತೆಗಿದ್ದಾರೆ. ಆ ಮೂರು ದಿನ ಹಗಲಲ್ಲಿ ಅವರ ಜೊತೆ ಇರುವವನು ನಾನೊಬ್ಬನೇ.

ಇಲ್ಲಿ ಇಂಟರ್‌ನೆಟ್ ತಾರಸಿಯಿಂದ ತಾರಸಿಗೆ ಜೋತುಬಿದ್ದ ಕೇಬಲ್ಲಿನಲ್ಲಿ ಬರುತ್ತದೆ. ಚೆನ್ನೈಯ ದೊಡ್ಡ ಮಳೆ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ. ಕಳೆದ ನವೆಂಬರಿನ ಒಂದು ರಾತ್ರಿ, ಪ್ರಾಜೆಕ್ಟ್ ರಿಲೀಸ್ ನಡುವೆ ಕೇಬಲ್ ಕಡಿಯಿತು. ಫೋನಿನ ಹಾಟ್‌ಸ್ಪಾಟ್ ಹಾಕಿದೆ. ದಿನದ 2 ಜಿಬಿಯನ್ನು ಮಗಳ ಕಾರ್ಟೂನು ಸಂಜೆಯೇ ಮುಗಿಸಿತ್ತು. ಉಳಿದದ್ದು 64 ಕೆಬಿಪಿಎಸ್. ಅಂದರೆ ಒಂದು ಎಂಬಿ ಇಳಿಯಲು ಎರಡು ನಿಮಿಷ! ಕೆಲಸ ಮುಗಿಸಿಕೊಟ್ಟದ್ದು ಸಹೋದ್ಯೋಗಿ. ಮರುದಿನ ಮ್ಯಾನೇಜರ್ ಮೆತ್ತಗೆ ಕೇಳಿದರು: "ನಿಮಗೆ ಮನೆಯಿಂದ ಕೆಲಸ ಸರಿಹೋಗುತ್ತಾ?"

ಅಂದೇ ಡಾಂಗಲ್ ಕೊಳ್ಳಲು ಹೊರಟೆ. ಕೆಳಗಿನ ಅಂಗಡಿಯ ಸೇಠ್‌ಜಿ ತಡೆದರು. "ಒಂದು ದಿನ ಅಂಗಡಿ ಮುಚ್ಚಿದರೆ ನಷ್ಟ ಎಷ್ಟು, ಅದನ್ನು ಮೊದಲು ಬರೆಯಿರಿ. ಆಮೇಲೆ ಬೀಗ ಕೊಳ್ಳಿ," ಅಂದರು.

ಬರೆದೆ. ವಿಡಿಯೋ ಮೀಟಿಂಗಿಗೆ ಗಂಟೆಗೆ ಸುಮಾರು 1 ಜಿಬಿ ಹಿಡಿಯಿರಿ. ದಿನಕ್ಕೆ ಮೂರು ಗಂಟೆ, ಉಳಿದ ಕೆಲಸಕ್ಕೆ ಇನ್ನೊಂದು: ಒಟ್ಟು 4 ಜಿಬಿ. ತಿಂಗಳ ಹದಿಮೂರು ದಿನಕ್ಕೆ 52 ಜಿಬಿ. ದಿನಕ್ಕೆ 2 ಜಿಬಿಯ ಪ್ಲಾನು ಇದಕ್ಕೆ ಸಾಲದು. ಹಾಗಾಗಿ ಕೇಬಲ್ ಬಿಟ್ಟು ಮೊಬೈಲನ್ನೇ ನಂಬುವುದು ನಮಗೆ ದುಬಾರಿ. ಆದರೆ ಕೇಬಲ್ ಕೈಕೊಡುವುದು ತಿಂಗಳಿಗೆ ಒಂದೆರಡು ದಿನ. ಅಷ್ಟಕ್ಕೆ ಡಾಂಗಲ್ಲೂ ಬೇಡ. ಬೇಕಾದದ್ದು ಇನ್ನೊಂದು ಸಿಮ್, ಅದೂ ದಿನದ ಮಿತಿಯಿಲ್ಲದೆ ಒಟ್ಟಿಗೆ ಡೇಟಾ ಕೊಡುವ ಪ್ಯಾಕ್.

ನೀವೂ ಇದೇ ಯೋಚನೆಯಲ್ಲಿದ್ದರೆ ಮೂರು ಮಾತು. ಕೇಬಲ್ ಮತ್ತು ಸಿಮ್ ಒಂದೇ ಕಂಪನಿಯದು ಬೇಡ, ಕೆಟ್ಟರೆ ಎರಡೂ ಒಟ್ಟಿಗೆ ಕೆಡಬಹುದು. ಕೊಳ್ಳುವ ಮುಂಚೆ ಗೆಳೆಯರ ಫೋನ್ ತಂದು, ನೀವು ಕೂರುವ ಜಾಗದಲ್ಲೇ ಸ್ಪೀಡ್ ನೋಡಿ. ನಮ್ಮ ಹಳೇ ಮನೆಯ ದಪ್ಪ ಗೋಡೆಯ ಒಳಕೋಣೆಯಲ್ಲಿ ಒಂದು ಕಡ್ಡಿ, ಕಿಟಕಿಯ ಬಳಿ ನಾಲ್ಕು. ಮೂರನೆಯದು, ಲ್ಯಾಪ್‌ಟಾಪಿನಲ್ಲಿ ಆ ಸಂಪರ್ಕವನ್ನು 'ಮೀಟರ್ಡ್' ಎಂದು ಗುರುತು ಹಾಕಿ. ಇಲ್ಲವಾದರೆ ವಿಂಡೋಸ್ ಅಪ್‌ಡೇಟೇ ಪ್ಯಾಕನ್ನು ನುಂಗುತ್ತದೆ. ತಿಂಗಳಲ್ಲಿ ಹತ್ತು ದಿನ ಊರಲ್ಲೋ ಪ್ರಯಾಣದಲ್ಲೋ ಇರುವವರಿಗೆ ಮಾತ್ರ ಡಾಂಗಲ್ ದುಡ್ಡಿಗೆ ಮೋಸವಿಲ್ಲ.

ಇದೂ ಪೂರ್ತಿ ಭರವಸೆಯಲ್ಲ. 2015ರ ಡಿಸೆಂಬರ್ ಪ್ರವಾಹದಲ್ಲಿ ಇಲ್ಲಿ ಎಷ್ಟೋ ಕಡೆ ಮೊಬೈಲೂ ಸತ್ತಿತ್ತು. ಕರೆಂಟು ಹೋಗಿ ತಾಸುಗಳಾದರೆ ಟವರಿನ ಬ್ಯಾಟರಿಯೂ ಖಾಲಿ.

ಎರಡನೇ ಸಿಮ್ ಬಂದು ನಾಲ್ಕು ತಿಂಗಳಾಯಿತು. ಕೇಬಲ್ ಐದು ಸಲ ಕಡಿಯಿತು, ಮೀಟಿಂಗ್ ಒಂದೂ ತಪ್ಪಲಿಲ್ಲ. ಈಗ ಕಿಟಕಿಯ ಪಕ್ಕದಲ್ಲಿ ನನ್ನ ಮೇಜು, ಅದರ ಪಕ್ಕದಲ್ಲಿ ಅಮ್ಮನ ಕುರ್ಚಿ. ಮ್ಯಾನೇಜರ್ ಆ ಪ್ರಶ್ನೆಯನ್ನು ಮತ್ತೆ ಕೇಳಿಲ್ಲ.